ಯಂಕಪ್ಪನ ಛತ್ರಿ ಮತ್ತು ಅತ್ತಿ ಮರದ ಹೂವು

ಛತ್ರಿಗೆ ಛತ್ರಿ ಎಂದು ಬರೆಯಲು ಏನು ಕಷ್ಟ? ಎರಡೇ ಅಕ್ಷರ. ಆದರೂ ಆ ಹುಳಗಳ ಸರ್ವೆಯ ವರದಿಯ ನಲವತ್ತೊಂದನೆಯ ಪುಟದಲ್ಲಿ ಹಾಗೆ ಬರೆದಿಲ್ಲ. ಅಲ್ಲಿ ಮರದ ಹೆಸರಿದೆ, ಮರ ನಿಂತಿರುವ ವಸತಿ ಸೊಸೈಟಿಯ ಹೆಸರಿದೆ, ಆ ದಿನ ಎಷ್ಟು ಸೆಖೆಯಿತ್ತು ಎಂಬುದೂ ಇದೆ. ಯಂಕಪ್ಪನ ಛತ್ರಿ ಇರಬೇಕಾದ ಜಾಗದಲ್ಲಿ ಮಾತ್ರ ‘ಬೀಟಿಂಗ್ ಟ್ರೇ’ ಎಂದು ಅಚ್ಚಾಗಿದೆ. ಟ್ರೇ ಅಂದರೆ ಹೋಟೆಲಿನ ಮಾಣಿ ಇಡ್ಲಿ ತರುವ ತಟ್ಟೆ. ಹದಿನಾಲ್ಕು ವರ್ಷ ಕಾಗೆಗಳ ಕೈಯಿಂದ ತಲೆ ಉಳಿಸಿದ, ದೇವರಿಗೆ ನೆರಳು ಕೊಟ್ಟ, ಡೊಂಬಿವಲಿಯ ಅರ್ಧ ಜನ ಕೈಮುಗಿದ ಛತ್ರಿಯನ್ನು ಇಡ್ಲಿ ತಟ್ಟೆಯ ಸಾಲಿಗೆ ಸೇರಿಸಿದರಲ್ಲ ಎಂದು ನೆನೆದರೆ ಯಂಕಪ್ಪನಿಗೆ ಇವತ್ತಿಗೂ ಕಿವಿ ಕೆಂಪಗಾಗುತ್ತದೆ.

ಯಂಕಪ್ಪ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆಯವನು. ಮೂರನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು “ನಿನ್ನ ಪಾಟಿ ಹೊಲಸಾಗೈತಿ” ಎಂದದ್ದಕ್ಕೆ ಸಿಟ್ಟಿಗೆದ್ದು, ಬಳಪದ ಪಾಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬಿದ್ದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಆ ಪಾಟಿ ಈಗ ವಿಠ್ಠಲವಾಡಿಯ ಚಾಳಿನ ಅವನ ಖೋಲಿಯಲ್ಲಿ, ಹೆಂಡತಿ ಬಾಲಮ್ಮನ ಜೋಳದ ಹಿಟ್ಟಿನ ಡಬ್ಬಿಗೆ ಮುಚ್ಚಳವಾಗಿದೆ. ಮುಂಬಯಿ ಬಳಿಯ ಕಲ್ಯಾಣಕ್ಕೆ ಬಂದ ಹೊಸದರಲ್ಲಿ ಗಾರೆ ಕೆಲಸ ಮಾಡಿದ. ಮೇಸ್ತ್ರಿಯ ಜೊತೆ ಜಗಳ. ಗೋಡೌನಿನಲ್ಲಿ ಮೂಟೆ ಹೊತ್ತ. ಮುಕಾದಮನ ಜೊತೆ ಜಗಳ. ಕೊನೆಗೆ ಒಬ್ಬ ಕಾಂಟ್ರಾಕ್ಟರನ ಕೈಕೆಳಗೆ ಮರದ ಟೊಂಗೆ ಕಡಿಯುವ ಕೆಲಸ ಸಿಕ್ಕಿತು. ಮರದ ಮೇಲೆ ಜಗಳಕ್ಕೆ ಯಾರೂ ಸಿಗುವುದಿಲ್ಲವಲ್ಲ, ಅದಕ್ಕೇ ಈ ಕೆಲಸವೊಂದು ಹದಿನಾಲ್ಕು ವರ್ಷ ಬಾಳಿದೆ.

ಯಾರೂ ಸಿಗುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಕಾಗೆಗಳಿದ್ದವು. ಗೂಡಿದ್ದ ಟೊಂಗೆಯನ್ನು ಒಮ್ಮೆ ತಿಳಿಯದೆ ಅಲುಗಾಡಿಸಿದ್ದಕ್ಕೆ ಕಲ್ಯಾಣದ ಕಾಗೆಯೊಂದು ಅವನ ಮುಖ ಗುರುತು ಹಿಡಿಯಿತು. ಅದು ಡೊಂಬಿವಲಿಯ ಕಾಗೆಗಳಿಗೆ ಹೇಳಿತು, ಅವು ಠಾಣೆಯವಕ್ಕೆ ಸುದ್ದಿ ಮುಟ್ಟಿಸಿದವು. ಅಲ್ಲಿಂದ ಯಂಕಪ್ಪ ಎಲ್ಲಿ ಏಣಿ ಹಾಕಿದರೂ ತಲೆಗೆ ಕುಕ್ಕುವುದು ತಪ್ಪಲಿಲ್ಲ. ಆಗ ಕೊಂಡದ್ದು ಈ ಛತ್ರಿ. ಬೆತ್ತದ ಹಿಡಿ, ಎಂಟು ಕಡ್ಡಿ, ಇಬ್ಬರು ನಿಲ್ಲುವಷ್ಟು ಅಗಲ. ಅದಕ್ಕೆ ಇನ್ನೊಂದು ಉಪಯೋಗವೂ ಇತ್ತು. ಯಂಕಪ್ಪನಿಗೆ ಸಿಟ್ಟು ಬಂದರೆ ಬಾಯಿ ತೆರೆಯುವುದಕ್ಕೆ ಮೊದಲು ಛತ್ರಿ ಮುಚ್ಚಿಕೊಳ್ಳುತ್ತಿತ್ತು. ‘ಫಟ್’ ಎಂದು ಮುಚ್ಚಿ, ಅದರ ಚೂಪು ತುದಿಯನ್ನು ಎದುರಿನವನ ಮೂಗಿಗೆ ಗುರಿಯಿಟ್ಟು, ಆಮೇಲೆಯೇ ಮಾತು. ಆ ‘ಫಟ್’ ಕೇಳಿದರೆ ಚಾಳಿನ ನಾಯಿಗಳು ಗಟಾರ ದಾಟಿ ಆಚೆ ಹೋಗಿ ಕೂರುತ್ತಿದ್ದವು.

ಹೋದ ವರ್ಷ ಮಳೆಗಾಲದ ಮೊದಲು ಅವನು ಠಾಣೆಯ ಕೆರೆಯ ದಂಡೆಯಲ್ಲಿ ಮಾವಿನ ಟೊಂಗೆ ಕಡಿದು ಕೆಡವಿದ್ದೇ ತಡ, ಒಬ್ಬ ಹುಡುಗಿ ಓಡಿಬಂದು ಬಿದ್ದ ಟೊಂಗೆಯ ಮೇಲೆ ಕವುಚಿ ಬಿದ್ದಳು. ಬೆನ್ನಿಗೆ ಚೀಲ, ಕೊರಳಿಗೆ ಭೂತಗನ್ನಡಿ, ಕೈಯಲ್ಲಿ ಗಾಜಿನ ಸೀಸೆ.

“ಏ ತಂಗಿ! ತಲಿ ಮ್ಯಾಲ ಬಿದ್ದಿದ್ರ ಯಾರು ಹೊಣಿ?” ಎಂದು ಯಂಕಪ್ಪ ಮೇಲಿನಿಂದ ಕೂಗಿದ.

“ಕಾಕಾ, ಏಕ್ ಮಿನಿಟ್! ಇದರ ಮೇಲೆ ಲೇಸ್‌ವಿಂಗ್ ಇದೆ!”

ಅವಳು ಸಂಯುಕ್ತಾ. ಮೈಸೂರಿನವರ ಮಗಳು, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಶುರು ಮಾಡಿ ಹಿಂದಿಯಲ್ಲಿ ಮುಗಿಸುವವಳು. ಕಾಲೇಜಿನ ಕಡೆಯಿಂದ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಹುಳಗಳ ಸರ್ವೆ ನಡೆಸುತ್ತಿದ್ದಳು. ಎಲ್ಲ ಹುಳಗಳದ್ದಲ್ಲ. ಲೇಸ್‌ವಿಂಗ್ ಎಂಬ ಒಂದೇ ಕುಲದ್ದು. ಸೊಳ್ಳೆ ಪರದೆಯ ಬಟ್ಟೆ ಕತ್ತರಿಸಿ ಹೊಲಿದಂತಹ ರೆಕ್ಕೆ, ಬಂಗಾರದ ಮಣಿಯಂತಹ ಕಣ್ಣು, ಉಗುರಿನಷ್ಟು ಮೈ. ಗಿಡದ ಹೇನನ್ನು ತಿಂದು ರೈತನಿಗೆ ಉಪಕಾರ ಮಾಡುವ ಹುಳ. ಯಾವ ಊರಿನಲ್ಲಿ ಯಾವ ಜಾತಿಯದು ಇದೆ ಎಂದು ಹಿಡಿದು, ನೋಡಿ, ಹೆಸರು ಬರೆದು ದೀಪಾವಳಿಯ ಹೊತ್ತಿಗೆ ಒಪ್ಪಿಸಬೇಕು.

ಹುಳ ಹಿಡಿಯುವ ರೀತಿ ಬಹಳ ಸುಲಭ. ಟೊಂಗೆಯ ಕೆಳಗೆ ಬಿಳಿ ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಕೋಲಿನಿಂದ ಟೊಂಗೆಗೆ ಬಡಿಯುವುದು, ಉದುರಿದ್ದನ್ನು ಆರಿಸುವುದು. ಆದರೆ ಬಟ್ಟೆಯ ನಾಲ್ಕು ಮೂಲೆ ಹಿಡಿಯಲು ಅವಳಿಗಿದ್ದದ್ದು ಎರಡು ಕೈ. ಅದನ್ನು ನೋಡುತ್ತ ಯಂಕಪ್ಪನಿಗೆ ಮೈ ಉರಿಯಿತು. ಯಾರಾದರೂ ಕೆಲಸವನ್ನು ತಪ್ಪಾಗಿ ಮಾಡುತ್ತಿದ್ದರೆ ಅವನಿಗೆ ಯಾವಾಗಲೂ ಮೈ ಉರಿಯುತ್ತದೆ. ಇಳಿದು ಬಂದವನೇ ಛತ್ರಿಯನ್ನು ತಲೆಕೆಳಗು ಮಾಡಿ ಟೊಂಗೆಯ ಅಡಿ ಹಿಡಿದು “ಬಡಿ ಈಗ” ಎಂದ.

ಅಂದಿನಿಂದ ಅವನಿಗೆ ಬಿಡುವಿದ್ದ ದಿನವೆಲ್ಲ ಇಬ್ಬರ ಸರ್ವೆ. ಕಪ್ಪು ಬಟ್ಟೆಯ ಮೇಲೆ ಹುಳ ಕಾಣುವುದಿಲ್ಲವೆಂದು ಬಾಲಮ್ಮ ಗಂಡನ ಹಳೆಯ ಧೋತರ ಹರಿದು ಛತ್ರಿಯೊಳಗೆ ಅಸ್ತರು ಹೊಲಿದುಕೊಟ್ಟಳು. ಕೋಪರಖೈರಣೆಯ ಬೇಲಿಗಿಡ, ಕಲ್ಯಾಣದ ಖಾಡಿ ಹಿನ್ನೀರಿನ ದಂಡೆ, ವಿಠ್ಠಲವಾಡಿಯ ರೈಲು ಹಳಿಯ ಪಕ್ಕದ ಎಕ್ಕ, ಒಂದನ್ನೂ ಬಿಡಲಿಲ್ಲ. ಛತ್ರಿಯನ್ನು ಮಗುಚಿ ಹಿಡಿದುಕೊಂಡು ಸ್ಟೇಷನ್ನಿನ ಸ್ಕೈವಾಕಿನಲ್ಲಿ ನಿಂತರೆ ಹೋಗುವ ಬರುವ ಹೆಂಗಸರು ಅದಕ್ಕೆ ಬಾಳೆಹಣ್ಣು ಹಾಕಿ ನಮಸ್ಕಾರ ಮಾಡುತ್ತಿದ್ದರು. ಮೊದಲ ಸಲ ಯಂಕಪ್ಪ ಸಿಟ್ಟಾದ. ಎರಡನೆಯ ಸಲ ಹಣ್ಣು ತಿಂದ.

ಸರ್ವೆಯ ಕಾಗದದಲ್ಲಿ ‘ಲೇಸ್‌ವಿಂಗ್ ಮತ್ತು ಸ್ನೇಕ್‌ಫ್ಲೈ’ ಎಂದು ಎರಡು ಹೆಸರಿದ್ದವು. ಎರಡನೆಯದರ ಸಾಲು ಪೂರ್ತಿ ಖಾಲಿ.

“ಇದ್ಯಾವುದವ್ವ, ಒಂದೂ ಸಿಗವಲ್ದು?”

“ಹಾವಿನ ಹಾಗೆ ಕತ್ತು ಎತ್ತುತ್ತೆ ಕಾಕಾ. ಆದರೆ ಅದು ಹಿಮಾಲಯದ ಕಡೆ ಮಾತ್ರ. ಇಧರ್ ನಹೀ ಮಿಲ್ತಾ.”

“ಮತ್ಯಾಕ ಬರದಾರ?”

“ಫಾರ್ಮಿನಲ್ಲಿ ಮೊದಲೇ ಪ್ರಿಂಟ್ ಆಗಿತ್ತು.”

“ಹಾಂ, ರೇಷನ್ ಕಾರ್ಡಿನ್ಯಾಗ ಸತ್ತವರ ಹೆಸರು ಇದ್ದಂಗ” ಎಂದು ಯಂಕಪ್ಪ ಸಮಾಧಾನಪಟ್ಟುಕೊಂಡ.

ಶ್ರಾವಣದ ಹೊತ್ತಿಗೆ ಇಪ್ಪತ್ತಮೂರು ಜಾತಿಗಳಾದವು. ಇಪ್ಪತ್ತನಾಲ್ಕನೆಯದರಲ್ಲಿ ಎಡವಟ್ಟಾಯಿತು.

ಡೊಂಬಿವಲಿ ಪೂರ್ವದ ಒಂದು ಸೊಸೈಟಿಯ ಕಾಂಪೌಂಡಿನಲ್ಲಿ ದೊಡ್ಡ ಅತ್ತಿ ಮರವಿದೆ. ಅದರ ಬುಡದಲ್ಲಿ ದತ್ತಾತ್ರೇಯರ ಪಾದುಕೆ. ಮರದ ಒಂದು ಟೊಂಗೆ ಗೋಡೆ ದಾಟಿ ರಸ್ತೆಗೆ ಬಾಗಿತ್ತು. ಅದರ ಕೆಳಗೆ ಛತ್ರಿ ಹಿಡಿದು ನಾಲ್ಕು ಏಟು ಬಡಿದದ್ದೇ ಒಂದು ಹುಳ ಬಿತ್ತು. ಉಳಿದವೆಲ್ಲ ಹಸಿರು, ಇದು ಕಂದು. ರೆಕ್ಕೆಯ ತುಂಬ ಚುಕ್ಕೆ, ಹಣೆಯ ಮೇಲೆ ಎರಡು ಕಪ್ಪು ಬೊಟ್ಟು. ಸಂಯುಕ್ತಾ ಸೀಸೆಗಾಗಿ ಚೀಲಕ್ಕೆ ಕೈ ಹಾಕಿದಳು.

“ಕಾಕಾ, ಹಿಲ್ನಾ ಮತ್. ಇಂಥದ್ದು ಒಂದೂ ಸಿಕ್ಕಿಲ್ಲ.”

ಅವಳು ಸೀಸೆಯ ಬಿರಡೆ ತಿರುಗಿಸುತ್ತಿದ್ದಳು. ಬಿರಡೆ ಬಿಗಿಯಾಗಿತ್ತು. ಅಷ್ಟರಲ್ಲಿ ಮೊದಲ ಮಹಡಿಯ ಬಾಲ್ಕನಿಯಿಂದ ಧ್ವನಿ ಬಂತು. ಸೊಸೈಟಿಯ ಚೇರ್ಮನ್ ಜಗನ್ನಾಥ ರಾವ್, ಇವರೂ ಮೈಸೂರಿನವರೇ, ಬ್ಯಾಂಕಿನಿಂದ ರಿಟೈರಾದವರು.

“ಯಾರಯ್ಯ ಅದು ಮರ ಬಡಿಯೋನು? ಹಣ್ಣೆಲ್ಲ ನನ್ನ ಕಾರಿನ ಮೇಲೆ ಉದುರ್ತಿದೆ!”

“ಹುಳ ಹಿಡ್ಯಾಕತ್ತೀವ್ರಿ ಸಾಹೇಬ್ರ. ಸರ್ಕಾರಿ ಸರ್ವೇರಿ.”

“ಹುಳಾನಾ? ನಿನ್ನ ಮುಖ ನೋಡಿದ್ರೆ ಕಾರಿನ ವೈಪರ್ ಕದಿಯೋನ ಹಾಗಿದೆ!”

ಮುಂದೆ ಏನಾಯಿತೆಂದು ಯಂಕಪ್ಪನನ್ನು ಬಲ್ಲವರಿಗೆ ಹೇಳಬೇಕಿಲ್ಲ. ‘ಫಟ್.’ ಛತ್ರಿ ಮುಚ್ಚಿತು, ಚೂಪು ತುದಿ ಬಾಲ್ಕನಿಗೆ ಗುರಿಯಾಯಿತು, ಲಿಂಗಸುಗೂರಿನ ಬೈಗುಳಗಳು ಸಾಲಾಗಿ ಮಹಡಿ ಹತ್ತಿದವು. ಜಗನ್ನಾಥ ರಾಯರು ಕಿಟಕಿ ಹಾಕಿಕೊಂಡ ಮೇಲೆ ಹಿಂತಿರುಗಿ ನೋಡಿದರೆ ಸಂಯುಕ್ತಾ ಫುಟ್‌ಪಾತಿನಲ್ಲಿ ಕುಸಿದು ಕುಳಿತಿದ್ದಳು.

ಛತ್ರಿ ಬಿಡಿಸಿದಾಗ ಹುಳದ ತಲೆಯಿತ್ತು, ರೆಕ್ಕೆಗಳಿದ್ದವು, ಕಾಲುಗಳೂ ಇದ್ದವು. ಬಾಲದ ತುದಿ ಮಾತ್ರ ಕಡ್ಡಿಯ ಸಂದಿಯಲ್ಲಿ ಅರೆದು ಹೋಗಿತ್ತು.

“ಒಂದೀಟು ಬಾಲ ಅಲ್ಲೇನವ್ವ? ಉಳಿದದ್ದೆಲ್ಲ ಐತಲ್ಲ.”

“ಅದೇ ಬೇಕಿತ್ತು ಕಾಕಾ. ಇದು ಗಂಡು. ಇವುಗಳಲ್ಲಿ ಗಂಡಿನ ಬಾಲದ ಕೊನೆ ಗೆಣ್ಣನ್ನು ನೋಡಿಯೇ ಯಾವ ಜಾತಿ ಅಂತ ಹೇಳೋಕಾಗೋದು. ಅದು ಇಲ್ಲದಿದ್ದರೆ ನಾಮ್ ಹೀ ನಹೀ.”

“ಅಂದ್ರ ಆಧಾರ್ ಕಾರ್ಡು ಹಿಂದ ಕಟಗೊಂಡು ತಿರುಗ್ತಾವೇನು?”

ಅವಳು ನಗಲಿಲ್ಲ. ಕಣ್ಣೊರೆಸಿಕೊಂಡಳು. ಯಂಕಪ್ಪನಿಗೆ ಬೈದರೆ ತಿರುಗಿ ಬೈಯಲು ಬರುತ್ತಿತ್ತು; ಅತ್ತರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಪಾದುಕೆಯ ಕಡೆಗೆ ಕೈಯೆತ್ತಿ ಹೇಳಿಬಿಟ್ಟ: “ಗಾಣಗಾಪುರದ ದತ್ತನ ಆಣಿ. ಈ ಬಾಲ ನನ್ನ ತಲಿ ಮ್ಯಾಲಿನ ಸಾಲ. ದೀಪಾವಳಿಯೊಳಗ ಬಾಲ ಸಮೇತ ಇಂಥದ್ದ ಒಂದ್ ಗಂಡು ತಂದು ನಿನ್ನ ಕೈಯಾಗ ಇಡ್ತೀನಿ.”

ಆಮೇಲಿನ ಒಂದು ತಿಂಗಳು ಅವನು ಟೊಂಗೆ ಕಡಿದದ್ದಕ್ಕಿಂತ ಎಲೆ ತಿರುವಿ ನೋಡಿದ್ದೇ ಹೆಚ್ಚು. ಕಾಂಟ್ರಾಕ್ಟರ್ ಬೈದ. ಯಂಕಪ್ಪ ದಿನವೂ ಒಂದೊಂದು ಸೀಸೆ ತಂದುಕೊಡುತ್ತಿದ್ದ. ಒಂದರಲ್ಲಿ ಪತಂಗ, ಒಂದರಲ್ಲಿ ರೆಕ್ಕೆ ಬಂದ ಗೆದ್ದಲು, ಒಂದರಲ್ಲಿ ಬಾಲಮ್ಮನ ಕಿವಿಯೋಲೆಯ ತಿರುಪು. ಸಾಲ ತೀರಿಸುವ ಹುಳ ಮಾತ್ರ ಸಿಗಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಬುಧವಾರ ಕಾಂಟ್ರಾಕ್ಟರ್ ಅವನನ್ನು ಅದೇ ಸೊಸೈಟಿಗೆ ಕಳಿಸಿದ. ಜಗನ್ನಾಥ ರಾಯರು ಕಾರಿನ ಮೇಲೆ ಹಣ್ಣು ಬೀಳುವುದನ್ನು ತಾಳಲಾರದೆ, ಬಾಗಿದ ಟೊಂಗೆ ಕಡಿಯಲು ಪರವಾನಗಿ ತಂದಿದ್ದರು. ಯಂಕಪ್ಪ ಮೇಲೇರಿ ಟೊಂಗೆ ಕಡಿಯುವ ಕೊಯ್ತಾ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಕಣ್ಣೆದುರಿನ ಎಲೆಯ ಕೆಳಗೆ ಬಿಳಿ ಎಳೆಗಳ ಒಂದು ಸಣ್ಣ ಕಟ್ಟು, ಗೊಂಬೆಯ ಕಸಬರಿಗೆಯ ಹಾಗೆ. ಪ್ರತಿ ಎಳೆಯ ತುದಿಗೆ ಸಾಸಿವೆಗಿಂತ ಸಣ್ಣ ಮುತ್ತು. ಲೇಸ್‌ವಿಂಗ್ ಕೂದಲಿನಂತಹ ಎಳೆ ಎಳೆದು ಅದರ ತುದಿಯಲ್ಲಿ ಮೊಟ್ಟೆಯಿಡುತ್ತದೆ ಎಂದು ಸಂಯುಕ್ತಾ ಎಷ್ಟೋ ಸಲ ತೋರಿಸಿದ್ದಳು. ಆದರೆ ಬೇರೆಯವೆಲ್ಲ ಒಂದೊಂದೇ ಬಿಡಿಯಾಗಿ ಇಡುತ್ತಿದ್ದವು. ಹೀಗೆ ಕಟ್ಟು ಕಟ್ಟಿದ್ದನ್ನು ಅವನು ಕಂಡಿರಲಿಲ್ಲ. ಅದೇ ಮರ, ಅದೇ ಟೊಂಗೆ. ಆ ಕಂದು ಹುಳದ ಸಂಸಾರವೇ ಇರಬೇಕು!

ಕೆಳಗೆ ಪಾದುಕೆಗೆ ದೀಪ ಹಚ್ಚಲು ಬಂದಿದ್ದ ರಾಯರ ಹೆಂಡತಿ ಸರಳಾ ತಲೆಯೆತ್ತಿ ಕೇಳಿದರು. “ಯಾಕಪ್ಪ, ನಿಲ್ಲಿಸ್ಬಿಟ್ಟೆ?”

“ಇಲ್ಲಿ ನೋಡ್ರಿ ಅಮ್ಮಾರ” ಎಂದು ಯಂಕಪ್ಪ ಟೊಂಗೆಯನ್ನು ಮೆಲ್ಲಗೆ ಬಗ್ಗಿಸಿ ತೋರಿಸಿದ.

ಸರಳಮ್ಮ ಕನ್ನಡಕ ಸರಿಮಾಡಿಕೊಂಡರು. ಕೈಯಿಂದ ಎಣ್ಣೆಯ ಗಿಂಡಿ ಬಿತ್ತು. “ಅಯ್ಯೋ ನಮ್ಮಪ್ಪ! ಅತ್ತಿ ಹೂವು! ರೀ, ಬನ್ರೀ ಇಲ್ಲಿ! ಅತ್ತಿ ಮರ ಹೂ ಬಿಟ್ಟಿದೆ!”

ಅತ್ತಿ ಕಾಯಿ ಬಿಡುವುದನ್ನು ಎಲ್ಲರೂ ಕಂಡಿದ್ದಾರೆ, ಹೂ ಬಿಡುವುದನ್ನು ಯಾರೂ ಕಂಡಿಲ್ಲ. ಹೂವೆಲ್ಲ ಕಾಯಿಯ ಒಳಗೇ ಇರುತ್ತದೆ ಎನ್ನುತ್ತಾರೆ. ಅದನ್ನು ಕಣ್ಣಾರೆ ಕಂಡವರ ಪುಣ್ಯಕ್ಕೆ ಲೆಕ್ಕವಿಲ್ಲ ಎಂಬುದು ಹಿಂದಿನಿಂದ ಬಂದ ನಂಬಿಕೆ. ಅದರಲ್ಲೂ ದತ್ತನ ಪಾದುಕೆಯ ಮೇಲಿನ ಮರವೆಂದರೆ ಕೇಳಬೇಕೆ?

“ಹೂವಲ್ರಿ ಅಮ್ಮಾರ, ಅದು...” ಎಂದ ಯಂಕಪ್ಪ ನಾಲಿಗೆ ಕಚ್ಚಿಕೊಂಡ. ಹುಳದ ಮೊಟ್ಟೆ ಎಂದರೆ ರಾಯರು ಟೊಂಗೆ ಕಡಿಸುತ್ತಾರೆ, ಮೇಲೆ ಔಷಧಿಯನ್ನೂ ಹೊಡೆಸುತ್ತಾರೆ. ಹೂವು ಎಂದರೆ ಟೊಂಗೆ ಉಳಿಯುತ್ತದೆ. ಹುಟ್ಟಿದಾಗಿನಿಂದ ಬಾಯಿಗೆ ಬಂದ ಮಾತನ್ನು ಒಮ್ಮೆಯೂ ನುಂಗದವನು ಅಂದು ನುಂಗಿದ. ಕೊಯ್ತಾವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ಕೈಮುಗಿದ.

ಅದೇ ತಪ್ಪಾಯಿತು. ಹೂವಾದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಗುರುವಾರ ಬೆಳಗಿನ ಹೊತ್ತಿಗೆ ಮರದ ಸುತ್ತ ಹಗ್ಗ ಬಂತು. ಶುಕ್ರವಾರ ಸಿಸಿಟಿವಿ ಬಂತು. ಶನಿವಾರ ಕಲ್ಯಾಣ, ಅಂಬರನಾಥಗಳಿಂದ ಜನ ಸಾಲು ಹಚ್ಚಿದರು. ಮೂರು ದಿನದ ಹಿಂದೆ ಟೊಂಗೆ ಕಡಿಸಲು ಹೊರಟಿದ್ದ ಜಗನ್ನಾಥ ರಾಯರು ಬಿಳಿ ಕುರ್ತಾ ತೊಟ್ಟು “ಈ ಮರಕ್ಕೆ ನಾನೇ ನೀರು ಹಾಕಿ ಸಾಕಿದ್ದು” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಆ ಮರಕ್ಕೆ ಹಾಕಿದ ನೀರೆಂದರೆ ಕಾರು ತೊಳೆದದ್ದು. ಯಂಕಪ್ಪ ಸಾಲಿನಲ್ಲಿ ನಿಂತು ಇದನ್ನು ಕೇಳಿ ಹಲ್ಲು ಕಡಿದ.

ಸಂಯುಕ್ತಾ ಬಂದು ದೂರದಿಂದ ದುರ್ಬೀನು ಹಚ್ಚಿ ನೋಡಿದಳು. “ಕಾಕಾ, ಮೊಟ್ಟೆ ಕಪ್ಪಾಗ್ತಿವೆ. ನಾಳೆ ಸಂಜೆಯೊಳಗೆ ಮರಿ ಆಗುತ್ತೆ. ಮರಿಗಳು ಸ್ವಲ್ಪ ಹೊತ್ತು ಆ ಎಳೆ ಮೇಲೇ ಕೂತಿರುತ್ತವೆ, ಆಮೇಲೆ ಇಳಿದು ಮರದ ತುಂಬ ಹರಡಿಬಿಡುತ್ತವೆ. ಫಿರ್ ಖತಮ್. ಇವರಿಗೆ ನಿಜ ಹೇಳಿಬಿಡಲಾ?”

ಪಕ್ಕದಲ್ಲಿದ್ದ ಒಬ್ಬ ಹೆಂಗಸಿಗೆ ಹೇಳಿಯೂ ನೋಡಿದಳು. ಆಕೆ ಕರುಣೆಯಿಂದ “ಹೂವಂದ ಮೇಲೆ ಹುಳ ಇರೋದೇ ಅಲ್ವೇನಮ್ಮ” ಎಂದು ಅವಳ ಕೆನ್ನೆ ತಟ್ಟಿ ಮುಂದೆ ಹೋದಳು.

ಭಾನುವಾರ ಸಂಜೆ ಮಹಾ ಆರತಿ ಎಂದು ಬೋರ್ಡು ಹಾಕಿದ್ದರು. ಯಂಕಪ್ಪ ಆ ಬೋರ್ಡನ್ನು ಬಹಳ ಹೊತ್ತು ನೋಡಿದ. ಆಮೇಲೆ ನೇರವಾಗಿ ಸರಳಮ್ಮನ ಹತ್ತಿರ ಹೋದ.

“ಅಮ್ಮಾರ, ಇಷ್ಟ್ ದೊಡ್ಡ ಹೂವಿಗೆ ಮ್ಯಾಲ ಛತ್ರಿ ಬ್ಯಾಡೇನ್ರಿ? ದೇವರಿಗೆ ಛತ್ರಿ ಹಿಡಿಯೋ ಸೇವಾ ಗಾಣಗಾಪುರದ ಕಡಿ ನಾವು ಮಾಡ್ತೀವ್ರಿ. ನನ್ನ ಹತ್ರ ಛತ್ರಿ ಐತಿ.”

ಸರಳಮ್ಮನಿಗೆ ಕಣ್ಣೀರೇ ಬಂತು. ಛತ್ರಿಯ ಅಂಚಿಗೆ ತಮ್ಮ ಹಳೆಯ ಸೀರೆಯ ಜರಿ ಹೊಲಿದು, ತುದಿಗೆ ಹಿತ್ತಾಳೆಯ ಗಂಟೆ ಕಟ್ಟಿದರು. ರಾಯರು ಯಂಕಪ್ಪನ ಮುಖ ನೋಡಿ “ಇವನನ್ನ ಎಲ್ಲೋ ನೋಡಿದೀನಲ್ಲ” ಎಂದರು. “ಮರ ಕಡಿಯೋನು ಅಲ್ವೇನ್ರೀ” ಎಂದು ಸರಳಮ್ಮ ಬಾಯಿ ಮುಚ್ಚಿಸಿದರು.

ಭಾನುವಾರ ಸಂಜೆ ಐದೂವರೆಗೆ ಯಂಕಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಪಾದುಕೆಯ ಪಕ್ಕದ ಸ್ಟೂಲಿನ ಮೇಲೆ ನಿಂತು ಟೊಂಗೆಯ ಮೇಲೆ ಛತ್ರಿ ಹಿಡಿದ. ಕಂಕುಳಲ್ಲಿ ಒಂದು ಕೋಲು. ಗುಂಪಿನ ಮುಂದಿನ ಸಾಲಿನಲ್ಲಿ ಬಾಲಮ್ಮ; ಗೇಟಿನ ಹತ್ತಿರ ಸೀಸೆಗಳ ಚೀಲ ಹಿಡಿದ ಸಂಯುಕ್ತಾ. ಡೋಲು ಶುರುವಾಯಿತು, ತಾಳ ಶುರುವಾಯಿತು. ಯಂಕಪ್ಪ ಓರೆಗಣ್ಣಿನಲ್ಲಿ ನೋಡಿದ. ಮುತ್ತುಗಳು ಒಡೆದಿದ್ದವು. ಪ್ರತಿ ಎಳೆಯ ಮೇಲೂ ಚುಕ್ಕೆಯಂತಹ ಒಂದು ಮರಿ ಜೋತಾಡುತ್ತಿತ್ತು. ಒಂದು ಆಗಲೇ ಕೆಳಗಿಳಿಯುತ್ತಿತ್ತು.

ಆರತಿಯ ಹಾಡು ಏರಿದಾಗ ಯಂಕಪ್ಪ ಛತ್ರಿಯನ್ನು ಮೂರು ಸುತ್ತು ತಿರುಗಿಸಿ, ಗಂಟೆ ಬಾರಿಸುತ್ತಲೇ ಮಗುಚಿ ಟೊಂಗೆಯ ಅಡಿಗೆ ತಂದ. ಕಂಕುಳಿನ ಕೋಲು ತೆಗೆದು ಡೋಲಿನ ಪೆಟ್ಟಿಗೆ ಸರಿಯಾಗಿ ಟೊಂಗೆಗೆ ಬಡಿದ. ಟಕ್, ಟಕ್, ಟಕಟಕ ಟಕ್.

ಜನ ಒಂದು ಕ್ಷಣ ಬೆರಗಾದರು. “ಗಾಣಗಾಪುರದ ಪದ್ಧತಿಯಂತೆ” ಎಂದು ಸರಳಮ್ಮ ಪಕ್ಕದವರಿಗೆ ಹೇಳಿದರು. ಅದು ಸಾಲಿನುದ್ದಕ್ಕೂ ಹರಿಯಿತು. ಅಷ್ಟೇ. ಕೈಗೆ ಸಿಕ್ಕಿದ್ದನ್ನು ಹಿಡಿದು ಎಲ್ಲರೂ ಮರಕ್ಕೆ ಬಡಿಯತೊಡಗಿದರು. ಕೊಡೆ, ಊರುಗೋಲು, ಮಡಿಸಿದ ಕುರ್ಚಿ, ಒಬ್ಬರು ಬ್ಯಾಡ್ಮಿಂಟನ್ ಬ್ಯಾಟು. ಹಣ್ಣಾದ ಅತ್ತಿಕಾಯಿಗಳು ಮಳೆಯಂತೆ ಸುರಿದವು. ಬೋಳು ತಲೆಗಳ ಮೇಲೆ ಬಿದ್ದು ಪಚಕ್ ಎಂದವು. ರಾಯರ ಬಿಳಿ ಕುರ್ತಾ ಕೆಂಪು ಚುಕ್ಕೆಯ ಚೀಟಿ ಬಟ್ಟೆಯಾಯಿತು. ಛತ್ರಿಯೊಳಗೆ ಹಣ್ಣು, ಎಲೆ, ಚೆಂಡುಹೂ, ಭಕ್ತರು ಎಸೆದ ಬಾಳೆಹಣ್ಣು, ಅವುಗಳ ನಡುವೆ ಬಿಳಿ ಧೋತರದ ಮೇಲೆ ಹರಿದಾಡುವ ಏಳು ಚುಕ್ಕೆಗಳು. ಯಂಕಪ್ಪ ಎಣಿಸಿದ. ಏಳು.

“ಅಮ್ಮಾ! ಏನೋ ಕಚ್ತು!” ರಾಯರು ಕುತ್ತಿಗೆ ಹಿಡಿದುಕೊಂಡು ಕುಣಿದರು. ಎಂಟನೆಯದು ಅವರ ಪಾಲಿಗೆ ಹೋಗಿತ್ತು. ಕುಣಿಯುತ್ತಲೇ ತಲೆಯೆತ್ತಿ ನೋಡಿದರೆ ಟೊಂಗೆಯ ಮೇಲೆ ಹೂವಿಲ್ಲ. ಎದುರಿಗೆ ಛತ್ರಿ ಹಿಡಿದ ಯಂಕಪ್ಪ. ಆಗ ಅವರಿಗೆ ನೆನಪಾಯಿತು.

“ನೀನಾ! ವೈಪರ್ ಕಳ್ಳ! ಹೂವನ್ನೂ ಕದ್ದೆಯೇನೋ? ಸ್ಟೂಲಿನಿಂದ ಇಳಿಯೋ ಕೆಳಗೆ, ಮರ ಕಡಿಯೋನೇ!”

ಡೋಲು ನಿಂತಿತು. ಯಂಕಪ್ಪನ ಕಿವಿ ಕೆಂಪಾಯಿತು. ಹೆಬ್ಬೆರಳು ತಾನಾಗಿಯೇ ಛತ್ರಿಯ ಗುಂಡಿಯ ಮೇಲೆ ಹೋಗಿ ಕುಳಿತಿತು. ಗೇಟಿನ ಬಳಿ ಸಂಯುಕ್ತಾ ಕಣ್ಣು ಮುಚ್ಚಿಕೊಂಡಳು. ಆ ನಿಶ್ಶಬ್ದದಲ್ಲಿ ಬಾಲಮ್ಮನ ಧ್ವನಿ ಕಾಂಪೌಂಡು ದಾಟಿ ಕೇಳಿತು.

“ಏನ್ರೀ! ಛತ್ರಿ ಮುಚ್ಚಿದ್ರ ಇವತ್ತ ಮನಿಗಿ ಬರಬ್ಯಾಡ್ರಿ! ರೊಟ್ಟಿ ನಾಯಿಗಿ ಹಾಕ್ತೀನಿ!”

ಯಂಕಪ್ಪನ ಗಂಟಲಿನಲ್ಲಿ ಲಿಂಗಸುಗೂರಿನ ಬೈಗುಳಗಳು ಒಂದರ ಮೇಲೊಂದು ಬಂದು ಸಿಕ್ಕಿಕೊಂಡವು. ಕಣ್ಣಲ್ಲಿ ನೀರೂರಿತು. ಹೆಬ್ಬೆರಳನ್ನು ಒಂದೊಂದು ಕೂದಲಷ್ಟೇ ಎತ್ತಿದ. ಬಾಯಿ ತೆರೆದಾಗ ಅವನಿಗೇ ಪರಿಚಯವಿಲ್ಲದ ಒಂದು ಮಾತು ಹೊರಬಂತು.

“ತಪ್ಪಾತ್ರಿ ಸಾಹೇಬ್ರ.”

ರಾಯರು ಜಗಳಕ್ಕೆಂದು ಎಳೆದುಕೊಂಡ ಉಸಿರನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ಕೆಮ್ಮಿದರು. ಯಂಕಪ್ಪ ಸ್ಟೂಲಿನಿಂದ ಇಳಿದು, ಮಗುಚಿದ ಛತ್ರಿಯನ್ನು ತುಂಬಿದ ಕೊಡದಂತೆ ಎರಡೂ ಕೈಯಲ್ಲಿ ಹಿಡಿದು ಗುಂಪಿನ ನಡುವೆ ನಡೆದ. ಹೂವು ಛತ್ರಿಯೊಳಗೆ ಇಳಿದಿದೆ ಎಂದು ಯಾರೋ ಅಂದರು. ಜನ ದಾರಿ ಬಿಟ್ಟು ಕೈಮುಗಿದರು, ಮೇಲೆ ಇನ್ನಷ್ಟು ಚೆಂಡುಹೂ ಎಸೆದರು. ಗೇಟು ಸಣ್ಣದು, ಛತ್ರಿ ದೊಡ್ಡದು, ಮುಚ್ಚುವಂತಿಲ್ಲ. ಇಬ್ಬರು ವಾಚ್‌ಮನ್ನರು ಗೇಟನ್ನು ಕೀಲಿನಿಂದ ಎತ್ತಿ ತೆಗೆದು ಆಚೆಗೆ ಇಟ್ಟರು. ಸ್ಕೈವಾಕಿನ ಮೆಟ್ಟಿಲ ಹತ್ತಿರ ಸಂಯುಕ್ತಾ ಸಣ್ಣ ಕುಂಚದಿಂದ ಒಂದೊಂದೇ ಮರಿಯನ್ನು ಎತ್ತಿ ಏಳು ಸೀಸೆಗಳಲ್ಲಿ ಇಳಿಸಿದಳು. ಅಷ್ಟು ಹೊತ್ತೂ ಯಂಕಪ್ಪ ಉಸಿರು ಬಿಗಿಹಿಡಿದು ನಿಂತಿದ್ದ.

ಮರಿಗಳು ದೊಡ್ಡವಾಗದೆ ಹೆಸರು ಸಿಗುವುದಿಲ್ಲ. ದೊಡ್ಡವಾಗಲು ಗಿಡದ ಹೇನು ಬೇಕು. ಬಾಲಮ್ಮನ ಖೋಲಿಯ ಮುಂದಿನ ಅವರೆ ಬಳ್ಳಿಯಲ್ಲಿ ಹೇನು ಬೇಕಾದಷ್ಟಿತ್ತು. ಹೀಗಾಗಿ ಏಳೂ ಸೀಸೆಗಳು ಅವಳ ಅಡುಗೆಯ ಕಟ್ಟೆಗೆ ಬಂದವು. ಬೇರೆ ಬೇರೆ ಇಡಬೇಕು ಎಂದು ಸಂಯುಕ್ತಾ ಹತ್ತು ಸಲ ಹೇಳಿ ಹೋದಳು. ಬಾಲಮ್ಮ ಒಂದು ದಿನ ತಾಳಿದಳು. ತಾಯಿಯಿಲ್ಲದ ಕೂಸುಗಳು, ಒಂದೊಂದೇ ಗಾಜಿನ ಗೋಡೆ ನೋಡುತ್ತ ಕೂತಿವೆ. ಎರಡನೆಯ ದಿನ ಎಲ್ಲವನ್ನೂ ಒಂದು ಸ್ಟೀಲಿನ ಡಬ್ಬಿಗೆ ಹಾಕಿ, ಮುಚ್ಚಳದ ಬದಲು ಹಳೆಯ ಪಾಟಿಯನ್ನು ಮುಚ್ಚಿದಳು.

ಬೆಳಿಗ್ಗೆ ಯಂಕಪ್ಪ ಪಾಟಿ ಸರಿಸಿದರೆ ಒಳಗೆ ಒಂದೇ ಮರಿ. ದುಂಡಗೆ ಬೆಳೆದಿತ್ತು. ಉಳಿದ ಆರರ ಸಿಪ್ಪೆಗಳನ್ನು ಮೂಟೆ ಕಟ್ಟಿ ಬೆನ್ನಿನ ಮೇಲೆ ಹೊತ್ತುಕೊಂಡು ಹಮಾಲನಂತೆ ಡಬ್ಬಿಯ ಸುತ್ತ ಅಡ್ಡಾಡುತ್ತಿತ್ತು.

“ಬಾಲೀ! ಏನ್ ಮಾಡಿದೆ?”

“ಒಡಹುಟ್ಟಿದವು ಅಲ್ಲೇನ್ರಿ? ಬ್ಯಾಸರ ಆಗಬಾರದಂತ ಕೂಡಿಸಿದ್ನಿ. ಹಿಂಗ ತಿಂತಾವಂತ ಯಾರಿಗಿ ಗೊತ್ತಿತ್ತು!” ಎಂದು ಬಾಲಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು.

ಉಳಿದ ಒಂದನ್ನು ಇಬ್ಬರೂ ಸರದಿಯಲ್ಲಿ ಕಾದರು. ಅದು ತಿಂದಿತು, ಇನ್ನೂ ತಿಂದಿತು, ಕೊನೆಗೆ ಬಿಳಿ ಗುಂಡನೆಯ ಗೂಡು ಸುತ್ತಿಕೊಂಡು ಮಲಗಿತು. ದೀಪಾವಳಿಗೆ ಮೂರು ದಿನವಿದ್ದಾಗ ಗೂಡು ಒಡೆಯಿತು. ಸಂಯುಕ್ತಾ ಓಡಿ ಬಂದಳು. ಕಂದು ಮೈ, ಚುಕ್ಕೆಯ ರೆಕ್ಕೆ, ಹಣೆಯ ಮೇಲೆ ಎರಡು ಕಪ್ಪು ಬೊಟ್ಟು. ಅದೇ! ಯಂಕಪ್ಪ ಕುಣಿಯುವುದೊಂದು ಬಾಕಿ. ಅವಳು ಭೂತಗನ್ನಡಿ ಹಚ್ಚಿ ಬಾಲದ ತುದಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಕಾಕಾ...”

“ಐತಿಲ್ಲ ಬಾಲ? ಪೂರಾ ಐತಿಲ್ಲ?”

“ಪೂರಾ ಇದೆ. ಹೆಣ್ಣು.”

ಯಂಕಪ್ಪ ಗೋಡೆಗೆ ಒರಗಿ ಕುಳಿತ. ರೇಗಿದ್ದು ಬಾಲಮ್ಮ. “ಹೆಣ್ಣಾದ್ರೇನವ್ವ ಕಡಿಮಿ? ಅಷ್ಟ್ ಚಂದ ಐತಿ. ಬರಕೋ ಹೆಸರು!”

“ಹೆಣ್ಣಿನ ಬಾಲ ಎಲ್ಲದರದ್ದೂ ಒಂದೇ ಥರ ಕಾಕಿ. ಗಂಡನ್ನು ನೋಡಿಯೇ ಹೆಸರು ಇಡೋದು.”

“ಗಂಡ ಇಲ್ಲಂದ್ರ ಹೆಸರ ಇಲ್ಲ? ಇಲ್ಲೂ ಅದ ರೇಷನ್ ಕಾರ್ಡೇನು?” ಎಂದು ಬಾಲಮ್ಮ ಒಲೆಯ ಮೇಲಿನ ರೊಟ್ಟಿಯನ್ನು ಜೋರಾಗಿ ಮಗುಚಿ ಹಾಕಿದಳು.

ವರದಿ ಅಚ್ಚಾಯಿತು. ಇಪ್ಪತ್ತಮೂರು ಹೆಸರು. ಇಪ್ಪತ್ತನಾಲ್ಕನೆಯದರ ಮುಂದೆ ‘ಜಾತಿ ತಿಳಿದಿಲ್ಲ; ಗಂಡು ಒಂದು, ಬಾಲವಿಲ್ಲ; ಹೆಣ್ಣು ಒಂದು’ ಎಂದಿದೆ. ಸ್ನೇಕ್‌ಫ್ಲೈ ಸಾಲಿನಲ್ಲಿ ಸೊನ್ನೆ. ಕೆಳಗೆ ಆ ಬೀಟಿಂಗ್ ಟ್ರೇ. ಸಂಯುಕ್ತಾ ಪ್ರತಿಯನ್ನು ಕೈಗಿಟ್ಟು, ಸ್ನೇಕ್‌ಫ್ಲೈ ಹುಡುಕಲು ಹಿಮಾಲಯದ ಕಡೆಗೆ ಹೋದಳು. ಟ್ರೇ ಎಂದು ಯಾಕೆ ಬರೆದೆ ಎಂದು ಕೇಳಿದರೆ “ಫಾರ್ಮಿನಲ್ಲಿ ಮೊದಲೇ ಪ್ರಿಂಟ್ ಆಗಿತ್ತು ಕಾಕಾ” ಎಂದಳು.

ಅತ್ತಿಯ ಟೊಂಗೆ ಇನ್ನೂ ಹಾಗೇ ಇದೆ. ಮತ್ತೆ ಹೂ ಬಿಟ್ಟೀತೆಂದು ರಾಯರು ಕಡಿಯಲು ಬಿಡುವುದಿಲ್ಲ. ಕಾರನ್ನು ಬೇರೆ ಬೀದಿಯಲ್ಲಿ ನಿಲ್ಲಿಸುತ್ತಾರೆ. ಪ್ರತಿ ಗುರುವಾರ ಕೆಲಸ ಮುಗಿಸಿ ಯಂಕಪ್ಪ ಅಲ್ಲಿಗೆ ಹೋಗುತ್ತಾನೆ. ಜರಿಯಂಚಿನ ಛತ್ರಿಯನ್ನು ಮಗುಚಿ ಹಿಡಿದು ಟೊಂಗೆಗೆ ಮೆಲ್ಲಗೆ ಬಡಿಯುತ್ತಾನೆ. ಹಣ್ಣು ಬೀಳುತ್ತದೆ, ಇರುವೆ ಬೀಳುತ್ತದೆ, ಒಮ್ಮೊಮ್ಮೆ ಕಾಗೆ ಬಂದು ಕುಕ್ಕುತ್ತದೆ. ತಲೆಯ ಮೇಲೆ ಛತ್ರಿ ಇಲ್ಲವಲ್ಲ, ತಡೆದುಕೊಳ್ಳುತ್ತಾನೆ. ತಿಂಗಳಿಗೊಮ್ಮೆ ಬೆಟ್ಟದಿಂದ ಫೋನು ಬರುತ್ತದೆ.

“ಕಾಕಾ, ಗಂಡು ಮಿಲಾ ಕ್ಯಾ?”

“ಇಲ್ಲವ್ವ. ಬಾಕಿ ಐತಿ” ಎನ್ನುತ್ತಾನೆ ಯಂಕಪ್ಪ, “ನಿನ್ನ ಬಾಲ ನನ್ನ ಮ್ಯಾಲ ಬಾಕಿ ಐತಿ.”